ತುಮಕೂರು ಸೀಮೆಯ ಶಾಲಾ ಪತ್ರಿಕೆಗಳು

ಹೈಸ್ಕೂಲು ಮಕ್ಕಳು ತಾವೇ ಬರೆದು, ತಿದ್ದಿ, ಹೊರತರುವ ಪತ್ರಿಕೆಗೆ ಹಳೇ ಮೈಸೂರು ಸೀಮೆಯಲ್ಲಿ ಮೂರು ರೂಪಗಳಿವೆ. ಒಂದೇ ಪ್ರತಿಯಲ್ಲಿ ಬರೆದು ಹೊಲಿದ ಕೈಬರಹದ ಪತ್ರಿಕೆ, ವರ್ಷಕ್ಕೊಮ್ಮೆ ಪ್ರೆಸ್ಸಿಗೆ ಹೋಗಿ ಬರುವ ಶಾಲಾ ಸಂಚಿಕೆ, ಹಲಗೆಗೆ ಅಂಟಿಸುವ ಗೋಡೆ ಪತ್ರಿಕೆ. ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಈ ಯಾವುದೂ ಪಠ್ಯಕ್ರಮದಿಂದ ಹುಟ್ಟಿ ಬಂದದ್ದಲ್ಲ. ಸರ್ಕಾರಿ ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಪತ್ರಿಕೋದ್ಯಮಕ್ಕೆ ಒಂದು ಪೀರಿಯಡ್ ಎಂದು ಇರಲಿಲ್ಲ. ಕನ್ನಡ ಮೇಷ್ಟ್ರು, ಡ್ರಾಯಿಂಗ್ ಮೇಷ್ಟ್ರು ಮತ್ತು ಆಸಕ್ತಿಯ ಕೆಲವು ಮಕ್ಕಳು ಸಂಜೆ ಗಂಟೆ ಹೊಡೆದ ಮೇಲೆ ಕೂತು ಉಳಿಸಿಕೊಂಡು ಬಂದ ಕೆಲಸ ಇದು. ಆದ್ದರಿಂದ ಇದರ ಚರಿತ್ರೆ ಅಚ್ಚುಕೂಟ, ಸಾಹಿತ್ಯ ಮತ್ತು ಮೇಷ್ಟ್ರುಗಳ ಚರಿತ್ರೆಯೊಳಗೇ ಸೇರಿಕೊಂಡಿದೆ.

ಕನ್ನಡದಲ್ಲಿ ಶಾಲೆ, ಅಚ್ಚು, ಪತ್ರಿಕೆ ಮೂರೂ ಒಂದೇ ಬಾಗಿಲಿನಿಂದ ಒಳಬಂದವು. 1843ರ ಜುಲೈ 1ರಂದು ಮಿಷನರಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕೈಯಲ್ಲಿ ಬರೆದ ಅಕ್ಷರವನ್ನು ಕಲ್ಲಿನ ಮೇಲೆ ಮೂಡಿಸಿ ಅದರಿಂದ ಪ್ರತಿ ತೆಗೆಯುತ್ತಿದ್ದರು. ಕನ್ನಡದ ಮೊದಲ ಪತ್ರಿಕೆಯೇ ಒಂದು ಬಗೆಯಲ್ಲಿ ಕೈಬರಹದ ಪತ್ರಿಕೆ. ಆ ಹೊತ್ತಿಗೆ ತುಮಕೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಕಾಲೂರಿತ್ತು. 1830ರ ದಶಕದ ಕೊನೆಗೆ ಗುಬ್ಬಿ ಅದರ ಮುಖ್ಯ ಠಾಣೆಗಳಲ್ಲಿ ಒಂದಾಗಿತ್ತು. ಅಲ್ಲಿ ಕೆಲಸ ಮಾಡಿದ ವಿಲಿಯಂ ಆರ್ಥರ್ ಊರಿಗೆ ಮರಳಿ 1847ರಲ್ಲಿ ಮೈಸೂರು ಸೀಮೆಯ ಅನುಭವಗಳ ಪುಸ್ತಕವನ್ನೇ ಪ್ರಕಟಿಸಿದ. ಮಿಷನ್ನಿನವರು ಬೆಂಗಳೂರಿನಲ್ಲಿ ಅಚ್ಚುಕೂಟ ನಡೆಸಿದರು, ಊರೂರಿನಲ್ಲಿ ಶಾಲೆ ತೆರೆದರು, ಮುಂದೆ ಮೈಸೂರಿನಿಂದ ‘ವೃತ್ತಾಂತ ಪತ್ರಿಕೆ’ ಎಂಬ ವಾರಪತ್ರಿಕೆಯನ್ನೂ ಹೊರಡಿಸಿದರು. ಅವರ ಗುರಿ ಮತಪ್ರಚಾರ. ಆದರೆ ಓದಲು ಕಲಿತ ಹುಡುಗನ ಕೈಗೆ ಪಠ್ಯಪುಸ್ತಕದಾಚೆಯ ಅಚ್ಚಾದ ಹಾಳೆ ಸಿಗಬೇಕು ಎಂಬ ಪದ್ಧತಿ ಆ ಕಾಲದಲ್ಲೇ ಬೇರುಬಿಟ್ಟಿತು.

ಮೈಸೂರು ಸಂಸ್ಥಾನದಲ್ಲಿ ಮೇಷ್ಟ್ರಿಕೆಯನ್ನೂ ಪತ್ರಿಕೆಯನ್ನೂ ಗಟ್ಟಿಯಾಗಿ ಬೆಸೆದವರು ಎಂ. ವೆಂಕಟಕೃಷ್ಣಯ್ಯ. ಜನ ‘ತಾತಯ್ಯ’ ಎಂದು ಕರೆಯುತ್ತಿದ್ದ ಅವರು (1844–1933) ಮೈಸೂರಿನ ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರು. ಜೊತೆಗೆ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’, ‘ಸಂಪದಭ್ಯುದಯ’ ಪತ್ರಿಕೆಗಳ ಹಿಂದಿನ ಶಕ್ತಿ. ಹಗಲು ಪಾಠ ಹೇಳುವವರೇ ಸರ್ಕಾರವನ್ನು ಪ್ರಶ್ನಿಸುವ ಲೇಖನವನ್ನೂ ಬರೆಯುತ್ತಿದ್ದರು. 1908ರಲ್ಲಿ ದಿವಾನ್ ವಿ.ಪಿ. ಮಾಧವರಾಯರ ಆಡಳಿತ ಪತ್ರಿಕೆಗಳ ಮೇಲೆ ಕಟ್ಟಳೆ ಹೇರಿದಾಗ ಸಂಸ್ಥಾನದ ಪ್ರಮುಖ ಪತ್ರಿಕೆಗಳು ಪ್ರತಿಭಟನೆಯಾಗಿ ನಿಂತುಹೋದವು. ಪತ್ರಿಕೆ ಎಂದರೆ ಅಧಿಕಾರದ ಕಣ್ಣಿಗೆ ಬೀಳುವ ವಸ್ತು ಎಂಬುದು ಅಲ್ಲಿಂದ ಮುಂದೆ ಸಂಸ್ಥಾನದ ಯಾವ ಹೆಡ್‌ಮಾಸ್ಟರಿಗೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಶಾಲಾ ಪತ್ರಿಕೆಗಳು ಸುದ್ದಿಯ ದಾರಿ ಬಿಟ್ಟು ಸಾಹಿತ್ಯದ ದಾರಿ ಹಿಡಿದದ್ದಕ್ಕೆ ಈ ಎಚ್ಚರವೂ ಒಂದು ಕಾರಣವಾಗಿರಬಹುದು.

ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸುತ್ತಲ ತಾಲ್ಲೂಕುಗಳ ಹುಡುಗರಿಗೆ ಹೈಸ್ಕೂಲು ಎಂದರೆ ತುಮಕೂರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯ ಓದಿದ್ದು ಇಲ್ಲಿ. ಮಾಗಡಿ ಸೀಮೆಯ ವೀರಾಪುರದಲ್ಲಿ ಹುಟ್ಟಿ ಮುಂದೆ ಸಿದ್ಧಗಂಗಾ ಮಠಾಧೀಶರಾದ ಶಿವಕುಮಾರ ಸ್ವಾಮೀಜಿ 1926ರಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿದ್ದೂ ಇಲ್ಲಿ. 1880ರ ದಶಕದಲ್ಲಿ ಬಂದ ರೈಲು ತುಮಕೂರು, ಗುಬ್ಬಿಗಳನ್ನು ಬೆಂಗಳೂರಿಗೆ ಸೇರಿಸಿತ್ತು. ಬೆಂಗಳೂರಿನ ಪತ್ರಿಕೆ, ಪುಸ್ತಕಗಳು ಬರುವ ದಾರಿ ಅದು. ಕುಣಿಗಲ್ ಮಾತ್ರ ರಸ್ತೆಯನ್ನೇ ನೆಚ್ಚಿಕೊಂಡಿತ್ತು. ಅಲ್ಲಿ ರೈಲು ಓಡಾಡಿದ್ದು ಒಂದು ಶತಮಾನಕ್ಕೂ ಹೆಚ್ಚು ಕಾಲದ ನಂತರ.

ಮಕ್ಕಳ ಪತ್ರಿಕೆಗಳಿಗೆ ಮೇಲ್ಪಂಕ್ತಿ ಸಿಕ್ಕಿದ್ದು ಕಾಲೇಜುಗಳಿಂದ. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ಆರಂಭಿಸಿತು. ಆ ಕಾಲೇಜಿನಲ್ಲೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಓದಿ ಬಂದ ಕನ್ನಡ ಮೇಷ್ಟ್ರುಗಳು ಜಿಲ್ಲೆಯ ಹೈಸ್ಕೂಲುಗಳಿಗೆ ಕರ್ನಾಟಕ ಸಂಘವನ್ನು ಹೊತ್ತುಕೊಂಡೇ ಬಂದರು. ಸಂಘ ಎಂದ ಮೇಲೆ ಭಾಷಣ, ನಾಟಕ, ಕೈಬರಹದ ಪತ್ರಿಕೆ.

ಕೈಬರಹದ ಪತ್ರಿಕೆಯನ್ನು ಕಟ್ಟುವ ಬಗೆಯನ್ನು ವಿವರವಾಗಿ ನೋಡಬೇಕು. ಸಂಪಾದನೆ ಎಂಬ ಕೆಲಸವನ್ನು ಮಕ್ಕಳು ಕೈಮುಟ್ಟಿ ಕಲಿತದ್ದು ಅಲ್ಲೇ. ಮಕ್ಕಳಿಂದ ಬಂದ ಕಥೆ, ಕವನ, ಪ್ರಬಂಧಗಳನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತಾರೆ. ಫುಲ್‌ಸ್ಕೇಪ್ ಹಾಳೆಗೆ ಪೆನ್ಸಿಲ್ಲಿನಲ್ಲಿ ಅಂಚುಗೆರೆ, ಸಾಲುಗೆರೆ ಎಳೆದಾಗುತ್ತದೆ. ಮುತ್ತು ಪೋಣಿಸಿದಂಥ ಅಕ್ಷರದ ಇಬ್ಬರೋ ಮೂವರೋ ಮಕ್ಕಳು ನಿಬ್ಬಿನ ಪೆನ್ನಿನಲ್ಲಿ ಪ್ರತಿ ಮಾಡುತ್ತಾರೆ. ಒಂದು ಒತ್ತಕ್ಷರ ತಪ್ಪಿದರೆ ಸಣ್ಣ ಕಾಗದದ ಪಟ್ಟಿಯನ್ನು ಅಂಟಿನಿಂದ ಮೆತ್ತಿ ಮೇಲೆ ಬರೆಯಬಹುದು. ಒಂದು ಸಾಲು ಬಿಟ್ಟುಹೋದರೆ ಇಡೀ ಪುಟವನ್ನು ಮತ್ತೆ ಬರೆಯಬೇಕು. ಹೀಗಾಗಿ ಪ್ರತಿ ಮಾಡುವವನೇ ಕೊನೆಯ ಸಂಪಾದಕ. ಹೆಚ್ಚುವರಿ ವಿಶೇಷಣ, ಎರಡೆರಡು ಸಲ ಹೇಳಿದ ಮಾತು ಅವನ ಬೆರಳಿಗೆ ಮೊದಲು ಗೊತ್ತಾಗುತ್ತದೆ. ಪದ್ಯದ ಸುತ್ತ ಬಳ್ಳಿ, ಮುಖಪುಟಕ್ಕೆ ಸರಸ್ವತಿಯೋ ಸೂರ್ಯೋದಯವೋ, ಎಲ್ಲ ಡ್ರಾಯಿಂಗ್ ಮೇಷ್ಟ್ರ ಉಸ್ತುವಾರಿಯಲ್ಲಿ ವಾಟರ್ ಕಲರಿನಲ್ಲಿ ಮೂಡುತ್ತವೆ. ರಟ್ಟು ಹಾಕಿ ಹೊಲಿದ ಮೇಲೆ ಕೊನೆಯಲ್ಲಿ ಒಂದಿಷ್ಟು ಖಾಲಿ ಹಾಳೆ ಬಿಡುತ್ತಾರೆ. ಅವು ಓದುಗರ ಅಭಿಪ್ರಾಯಕ್ಕೆ. ಪತ್ರಿಕೆ ತರಗತಿಯಿಂದ ತರಗತಿಗೆ, ಸ್ಟಾಫ್ ರೂಮಿಗೆ, ಕೆಲವೊಮ್ಮೆ ಪಕ್ಕದ ಶಾಲೆಗೂ ಹೋಗಿ ಬರುವಾಗ ಆ ಹಾಳೆಗಳು ತುಂಬುತ್ತವೆ. ಬರೆದವನಿಗೆ ಓದುಗನ ಮಾತು ಇಷ್ಟು ನೇರವಾಗಿ ತಲುಪುವ ಏರ್ಪಾಡು ಅಚ್ಚಾದ ಯಾವ ಸಂಚಿಕೆಯಲ್ಲೂ ಇರಲಿಲ್ಲ.

ಜಗತ್ತಿನ ಶಾಲಾ ಪತ್ರಿಕೆಗಳ ಮೊದಲ ಪುಟವೂ ಇಂಥದ್ದೇ. 1777ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಲಿಯಂ ಪೆನ್ ಚಾರ್ಟರ್ ಶಾಲೆಯ ಹುಡುಗರು ತಂದ ‘ಸ್ಟೂಡೆಂಟ್ಸ್ ಗೆಜೆಟ್’ ಕೈಬರಹದ್ದು. ತಿಳಿದಿರುವಂತೆ ಅದೇ ಅತ್ಯಂತ ಹಳೆಯ ಶಾಲಾ ಪತ್ರಿಕೆ. ಮುಂದೆ ಅಮೆರಿಕದ ಹೈಸ್ಕೂಲುಗಳಲ್ಲಿ ಪತ್ರಿಕೋದ್ಯಮ ಒಂದು ತರಗತಿಯಾಯಿತು. ಮಕ್ಕಳು ವರದಿಗಾರರಾದರು, ಶಾಲೆಯ ಆಡಳಿತದ ಬಗ್ಗೆಯೂ ಬರೆದರು, ಜಗಳ ಕೋರ್ಟಿನವರೆಗೆ ಹೋಯಿತು. 1988ರಲ್ಲಿ ಹೇಜಲ್‌ವುಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಯ ತರಗತಿಯ ಭಾಗವಾಗಿ ಬರುವ ಪತ್ರಿಕೆಯ ಪುಟಗಳನ್ನು ಪ್ರಿನ್ಸಿಪಾಲರು ತಡೆಯಬಹುದು ಎಂದಿತು. ತುಮಕೂರು ಸೀಮೆಯಲ್ಲಿ ಅಂಥ ಜಗಳ ಹುಟ್ಟುವ ಸಂದರ್ಭವೇ ಒದಗಲಿಲ್ಲ. ಹೆಡ್‌ಮಾಸ್ಟರ ರುಜು ಬೀಳದೆ ಪತ್ರಿಕೆ ಹೊರಡುತ್ತಿರಲಿಲ್ಲ, ರುಜು ತಡೆಯುವಂಥದ್ದು ಅದರಲ್ಲಿ ಇರುತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ ಹೈಸ್ಕೂಲುಗಳು ತಾಲ್ಲೂಕು ಕೇಂದ್ರ, ಹೋಬಳಿಗಳವರೆಗೆ ಹರಡಿದವು. ತುಮಕೂರಿನಲ್ಲಿ ಸಿದ್ಧಗಂಗಾ ಮಠದ ಶಾಲೆಗಳು ಬೆಳೆದವು, 1959ರಲ್ಲಿ ಎಚ್.ಎಂ. ಗಂಗಾಧರಯ್ಯ ಸಿದ್ಧಾರ್ಥ ವಿದ್ಯಾಸಂಸ್ಥೆಯನ್ನು ಕಟ್ಟಿದರು. ಕೈಯಲ್ಲಿ ಸ್ವಲ್ಪ ಹಣ ಓಡಾಡುವ ಶಾಲೆಗಳಿಗೆ ಅಚ್ಚಾದ ವಾರ್ಷಿಕ ಸಂಚಿಕೆ ಗೌರವದ ಗುರುತಾಯಿತು. ಖರ್ಚಿಗೆ ಮಕ್ಕಳಿಂದ ಸಂಚಿಕೆ ಶುಲ್ಕ, ಜೊತೆಗೆ ಪೇಟೆಯ ಜವಳಿ ಅಂಗಡಿ, ರೈಸ್ ಮಿಲ್ಲು, ಹೋಟೆಲುಗಳ ಜಾಹೀರಾತು. ಊರಿನ ಪ್ರೆಸ್ಸಿನಲ್ಲಿ ಕಂಪೋಸಿಟರು ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಕನ್ನಡದಲ್ಲಿ ಗುಣಿತಾಕ್ಷರ, ಒತ್ತುಗಳಿಗೆಲ್ಲ ಬೇರೆ ಬೇರೆ ಮೊಳೆ ಇರುವುದರಿಂದ ಅವನ್ನಿಡುವ ಮನೆಗಳು ನೂರಾರು, ಒಂದು ಪುಟಕ್ಕೆ ಬೇಕಾಗುವ ಹೊತ್ತೂ ಹೆಚ್ಚು. ಗ್ಯಾಲಿ ಪ್ರೂಫು ಶಾಲೆಗೆ ಬಂದಾಗ ಮೇಷ್ಟ್ರು ಅಕ್ಷರ ತಪ್ಪು ಗುರುತಿಸುವುದನ್ನು ಕೆಲವು ಮಕ್ಕಳಾದರೂ ಪಕ್ಕದಲ್ಲಿ ನಿಂತು ಕಲಿತರು. ಟ್ರೆಡಲ್ ಮಷಿನ್ನಿನ ಮೇಲೆ ಫಾರಂ ಏರುವ ಹೊತ್ತಿಗೆ ಪರೀಕ್ಷೆ ಹತ್ತಿರ ಬಂದಿರುತ್ತಿತ್ತು.

ಅಚ್ಚು ಬಂದದ್ದರಿಂದ ಲಾಭವಾಯಿತು. ಪ್ರತಿ ಮಗುವಿನ ಮನೆಗೂ ಒಂದು ಪ್ರತಿ ಹೋಯಿತು, ತನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಸಂತೋಷ ಸಿಕ್ಕಿತು. ನಷ್ಟವೂ ಸಣ್ಣದಲ್ಲ. ಮುಖ್ಯ ಅತಿಥಿಗಳ ಶುಭಸಂದೇಶ, ಆಡಳಿತ ಮಂಡಳಿಯ ಫೋಟೊ, ಸ್ಕೌಟ್ಸ್, ಎನ್.ಸಿ.ಸಿ. ಗುಂಪಿನ ಚಿತ್ರ, ಕ್ರೀಡಾ ವರದಿ ಇವೆಲ್ಲ ಮುಂದಿನ ಪುಟಗಳನ್ನು ತುಂಬಿ ಮಕ್ಕಳ ಬರವಣಿಗೆ ಹಿಂದಕ್ಕೆ ಸರಿಯಿತು. ಮಕ್ಕಳ ಪಾಲಿಗೆ ಉಳಿದ ಪುಟಗಳಲ್ಲೂ ಕೇಳಿದ ನಗೆಹನಿ, ಎಲ್ಲಿಂದಲೋ ನಕಲು ಮಾಡಿದ ‘ನಿಮಗಿದು ಗೊತ್ತೆ’, ಸುಭಾಷಿತಗಳು. ವರ್ಷಕ್ಕೊಮ್ಮೆ ಬರುವ ಪುಸ್ತಕದಲ್ಲಿ ಸುದ್ದಿಗೆ ಎಡೆಯೂ ಇಲ್ಲ. ಪತ್ರಿಕೆ ಎನ್ನುವುದಕ್ಕಿಂತ ಅದು ಸ್ಮರಣ ಸಂಚಿಕೆ. ಟೈಪು ಮಾಡಿದ ಸ್ಟೆನ್ಸಿಲ್ಲಿನಿಂದ ಪ್ರತಿ ತೆಗೆಯುವ ಸೈಕ್ಲೋಸ್ಟೈಲ್ ಯಂತ್ರ ತಿಂಗಳ ಪತ್ರಿಕೆಗೆ ಹೇಳಿ ಮಾಡಿಸಿದ ಸಾಧನ. ಶಾಲೆಗಳು ಅದನ್ನು ಬಳಸಿದ್ದು ಹೆಚ್ಚಾಗಿ ಪ್ರಶ್ನೆಪತ್ರಿಕೆಗೆ.

ಇತ್ತ ಪತ್ರಿಕೋದ್ಯಮದ ಕಲಿಕೆ ಮೇಲಿನಿಂದ ಶುರುವಾಯಿತು. 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಅದನ್ನು ಪದವಿ ತರಗತಿಯ ವಿಷಯವಾಗಿ ಕಲಿಸತೊಡಗಿದರು. 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಜಿಲ್ಲೆಯಲ್ಲೇ ಸ್ನಾತಕೋತ್ತರ ಮಟ್ಟದ ಕಲಿಕೆ ದೊರೆಯಿತು. ಹೈಸ್ಕೂಲಿಗೆ ಅದು ಇಳಿದದ್ದು ಕನ್ನಡ ಪಠ್ಯದ ಪತ್ರಲೇಖನ, ಪ್ರಬಂಧಗಳ ಮಟ್ಟಕ್ಕೆ ಮಾತ್ರ. ಅದರ ಪರಿಣಾಮ ಮಕ್ಕಳ ವಾಕ್ಯದಲ್ಲೇ ಕಾಣುತ್ತದೆ. ‘ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯೋತ್ಸವವನ್ನು ವಿಜೃಂಭಣೆಯಿಂದ ಆಚರಿಸಲಾಯಿತು’ ಎಂಬ ವಾಕ್ಯ ತಲೆಮಾರುಗಳಿಂದ ಹಾಗೇ ನಡೆದುಬಂದಿದೆ. ಯಾರು ಆಚರಿಸಿದರು, ಎಷ್ಟು ಜನ ಬಂದರು, ಮಳೆ ಬಂತೆ, ಹಳ್ಳಿಯಿಂದ ಬರುವ ಬಸ್ಸು ತಡವಾಗಿ ಎಷ್ಟು ಮಕ್ಕಳಿಗೆ ಧ್ವಜವಂದನೆ ತಪ್ಪಿತು, ಒಂದೂ ಅದರಲ್ಲಿಲ್ಲ. ಪತ್ರಿಕಾ ತರಗತಿಯ ಮೊದಲ ಕೆಲಸ ಈ ‘ಲಾಯಿತು’ಗಳನ್ನು ಬಿಡಿಸಿ ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೇಳಿಸುವುದು.

ಆ ಕೆಲಸಕ್ಕೆ ಒಗ್ಗಿದ ರೂಪ ಗೋಡೆ ಪತ್ರಿಕೆ. ಮಕ್ಕಳಿಂದಲೇ ಪತ್ರಿಕೆ ಮಾಡಿಸುವ ಯೋಚನೆ ಹೊಸದೇನಲ್ಲ. ಫ್ರಾನ್ಸಿನ ಹಳ್ಳಿಯ ಮೇಷ್ಟ್ರು ಸೆಲೆಸ್ತಾಂ ಫ್ರೆನೆ 1924ರಲ್ಲಿ ತನ್ನ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದು ಮಕ್ಕಳು ಕಂಡದ್ದನ್ನು ಅವರಿಂದಲೇ ಅಚ್ಚು ಮಾಡಿಸಿ, ಬೇರೆ ಶಾಲೆಗಳೊಡನೆ ವಿನಿಮಯ ಮಾಡಿಸಿದ. ಕರ್ನಾಟಕದಲ್ಲಿ ಅದಕ್ಕೆ ಹತ್ತಿರದ ಪ್ರಯತ್ನ ಶಾಲೆಯ ಹೊರಗೆ ನಡೆಯಿತು. 1990ರಲ್ಲಿ ರೂಪುಗೊಂಡ ದುಡಿಯುವ ಮಕ್ಕಳ ಸಂಘಟನೆ ಭೀಮ ಸಂಘದ ಮಕ್ಕಳಿಗೆ ‘ಭೀಮ ಪತ್ರಿಕೆ’ ಎಂಬ ಗೋಡೆ ಪತ್ರಿಕೆಯಿತ್ತು. ಶಾಲೆಗಳಲ್ಲಿ ಗೋಡೆ ಪತ್ರಿಕೆಗೆ ಬೇಕಾಗುವುದು ಒಂದು ಹಲಗೆ, ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು. ನಿಂತು ಓದುವ ಪತ್ರಿಕೆಯಾದ್ದರಿಂದ ವರದಿ ಹತ್ತು ಹದಿನೈದು ಸಾಲು ದಾಟಬಾರದು, ತಲೆಬರಹ ನಾಲ್ಕು ಹೆಜ್ಜೆ ದೂರಕ್ಕೆ ಕಾಣಬೇಕು. ಸೋಮವಾರ ಸಂಪಾದಕ ಮಂಡಳಿ ಕೂತು ಯಾರು ಏನನ್ನು ತರಬೇಕೆಂದು ಹಂಚಿಕೊಂಡರೆ ಗುರುವಾರಕ್ಕೆ ವರದಿಗಳು ಮೇಷ್ಟ್ರ ಕೈಯಲ್ಲಿರಬೇಕು, ಶನಿವಾರ ಬೆಳಗಿನ ಶಾಲೆಗೆ ಹಲಗೆ ತುಂಬಿರಬೇಕು. ತಪ್ಪು ಸುದ್ದಿ ಬಂದರೆ ಅಂದೇ ಗೊತ್ತಾಗುತ್ತದೆ, ಏಕೆಂದರೆ ಸುದ್ದಿಯಲ್ಲಿರುವವರು ಹಲಗೆಯ ಮುಂದೆಯೇ ನಿಂತಿರುತ್ತಾರೆ. ಮುಂದಿನ ವಾರ ತಿದ್ದುಪಡಿ ಹಾಕುವುದು ಮಗು ಕಲಿಯುವ ಅತಿ ದೊಡ್ಡ ಪತ್ರಿಕಾ ಧರ್ಮ.

ಬರೆಯಲು ವಿಷಯಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಬಿಸಿಯೂಟ, ಹಾಸ್ಟೆಲಿನ ನೀರು, ಬಸ್ ಪಾಸು, ಕೊಬ್ಬರಿ ಧಾರಣೆ, ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಕೊಟ್ಟ ಮಾತು ಏನಾಯಿತು ಎಂಬ ವಿಚಾರಣೆ. ಕಷ್ಟದ ವಿಷಯಗಳೂ ಇವೆ. ಹೇಮಾವತಿ ನೀರನ್ನು ಗುಬ್ಬಿ ತಾಲ್ಲೂಕಿನಿಂದ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಗೆ 2025ರಲ್ಲಿ ಗುಬ್ಬಿ ಕಡೆಯವರು ಬೀದಿಗಿಳಿದು ವಿರೋಧಿಸಿದರು. ಕುಣಿಗಲ್ಲಿನವರಿಗೆ ಅದು ಬಹುಕಾಲದ ಬೇಡಿಕೆ. ಎರಡೂ ಊರಿನ ಹೈಸ್ಕೂಲುಗಳಲ್ಲಿ ಕೂತವರು ಅದೇ ನೀರಿನ ರೈತರ ಮಕ್ಕಳು. ಗುಬ್ಬಿಯ ಹಲಗೆಗೆ ಕುಣಿಗಲ್ಲಿನ ಮಗುವೊಂದು ಬರೆದ ವರದಿಯನ್ನೂ, ಕುಣಿಗಲ್ಲಿನ ಹಲಗೆಗೆ ಗುಬ್ಬಿಯ ಮಗುವಿನದನ್ನೂ ಅಂಟಿಸುವ ವಿನಿಮಯ ಏರ್ಪಟ್ಟರೆ, ಎರಡು ಕಡೆಯ ಮಾತನ್ನೂ ಕೇಳಿ ಬರೆಯುವುದು ಎಂದರೇನು ಎಂಬುದಕ್ಕೆ ಬೇರೆ ಪಠ್ಯ ಬೇಕಾಗುವುದಿಲ್ಲ.

1998ರಲ್ಲಿ ‘ಬರಹ’, ಅದರ ಬೆನ್ನಿಗೆ ‘ನುಡಿ’ ತಂತ್ರಾಂಶ ಬಂದಮೇಲೆ ಮೊಳೆ ಜೋಡಣೆ ಮರೆಯಾಗಿ, ಡಿ.ಟಿ.ಪಿ. ಅಂಗಡಿಯಲ್ಲಿ ಶಾಲಾ ಸಂಚಿಕೆ ಬೇಗ ಸಿದ್ಧವಾಗತೊಡಗಿತು. ತುಮಕೂರಿನಲ್ಲಿ ‘ಪ್ರಜಾಪ್ರಗತಿ’ಯಂಥ ಸ್ಥಳೀಯ ದಿನಪತ್ರಿಕೆ ಇದೆ, ಸಿದ್ಧಾರ್ಥ ಸಂಸ್ಥೆಯ ಸಮುದಾಯ ರೇಡಿಯೊ ಇದೆ. ಮಕ್ಕಳ ವರದಿಗೆ ಶಾಲೆಯ ಗೋಡೆಯಾಚೆಗೂ ದಾರಿ ಇದೆ ಎಂದಾಯಿತು. ಮೊಬೈಲಿನಲ್ಲಿ ಪುಟ ಕಟ್ಟಿ ವಾಟ್ಸಾಪ್ ಗುಂಪಿಗೆ ಹಾಕುವುದು ಇನ್ನೂ ಸುಲಭ; ಆದರೆ ಅಲ್ಲಿ ಪ್ರತಿ ಮಾಡುವ ಹುಡುಗನ ಬೆರಳೂ ಇಲ್ಲ, ಹಲಗೆಯ ಮುಂದೆ ನಿಂತ ಓದುಗನೂ ಇಲ್ಲ. ಆ ಎರಡು ಕೆಲಸಗಳನ್ನು ಮೇಷ್ಟ್ರೇ ಮಾಡಬೇಕಾಗುತ್ತದೆ. ಹಳೆಯ ಕೈಬರಹದ ಪತ್ರಿಕೆಗಳ ಪಾಡು ಬೇರೆ. ಒಂದೇ ಪ್ರತಿಯಿದ್ದದ್ದರಿಂದ ಶಾಲೆ ಕಟ್ಟಡ ಬದಲಿಸಿದಾಗ, ಬೀರು ಖಾಲಿ ಮಾಡಿದಾಗ ಅವು ರದ್ದಿಗೆ ಹೋಗುವುದು ಸುಲಭ. ಉಳಿದವು ಇದ್ದರೆ ನಿವೃತ್ತ ಮೇಷ್ಟ್ರುಗಳ ಟ್ರಂಕುಗಳಲ್ಲಿ, ಶಾಲೆಗಳ ಹಳೇ ದಾಖಲೆಗಳ ನಡುವೆ ಸಿಗಬೇಕು. ಅವನ್ನು ಸ್ಕ್ಯಾನ್ ಮಾಡಿಡಲು ಒಂದು ಹೈಸ್ಕೂಲಿನ ಕಂಪ್ಯೂಟರ್ ಕೊಠಡಿ, ಒಂದು ಬೇಸಿಗೆ ರಜೆ ಸಾಕು.