ಹದಿನೇಳನೆಯವನ ಕಥೆ

ಹಾಕಿ ತಂಡದ ಪಟ್ಟಿ ಪ್ರಕಟವಾದಾಗಲೆಲ್ಲ ನಾನು ಮೊದಲು ಹುಡುಕೋದು ಬಿಟ್ಟುಹೋದ ಹೆಸರುಗಳನ್ನ. ಮೊದಲ ಹನ್ನೆರಡು ಹೆಸರನ್ನು ನೀವೂ ಬರೀಬಹುದು, ನಾನೂ ಬರೀಬಹುದು. ಜಗಳ ಇರೋದೆಲ್ಲ ಕೊನೆಯ ಮೂರ್ನಾಲ್ಕು ಜಾಗಕ್ಕೆ!

ಈ ಜಗಳ ಹಳೇದು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಮುಂಚೆ ನಡೆದ ಅಭ್ಯಾಸ ಪಂದ್ಯದಲ್ಲಿ ನಮ್ಮವರು ಜರ್ಮನಿಗೆ 4-1ರಿಂದ ಸೋತರು. ಧ್ಯಾನ್ ಚಂದ್ ಇದ್ದ ತಂಡ ಅದು! ಫಾರ್ವರ್ಡ್ ಸಾಲಿನಲ್ಲಿ ಏನೋ ಕೊರತೆ ಇದೆ ಅನ್ನಿಸಿ, ಊರಲ್ಲೇ ಉಳಿದಿದ್ದ ದಾರಾ ಅವರನ್ನು ತುರ್ತಾಗಿ ಕರೆಸಿದರು. ಅವರು ವಿಮಾನ ಹತ್ತಿ ಬಂದು ಸೆಮಿಫೈನಲ್‌ನಲ್ಲಿ ಆಡಿದರು. ಆಗಸ್ಟ್ 15ರ ಫೈನಲ್‌ನಲ್ಲಿ ಅದೇ ಜರ್ಮನಿಯನ್ನು ನಾವು 8-1ರಿಂದ ಸೋಲಿಸಿದೆವು.

ಆಗ ಪಂದ್ಯದ ನಡುವೆ ಆಟಗಾರರನ್ನು ಬದಲಿಸುವ ಹಾಗಿರಲಿಲ್ಲ. ಹನ್ನೊಂದು ಜನ ಆಡಿದರೆ ಉಳಿದವರು ನೋಡಬೇಕು, ಅಷ್ಟೆ. 1990ರ ದಶಕದಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅನ್ನೋ ನಿಯಮ ಬಂದ ಮೇಲೆ ಲೆಕ್ಕವೇ ಬೇರೆಯಾಯ್ತು. ಈಗ ಬೆಂಚಿನಲ್ಲಿ ಕೂತವನೂ ನಾಲ್ಕೈದು ನಿಮಿಷಕ್ಕೊಮ್ಮೆ ಒಳಗೆ ಓಡ್ತಾನೆ. ಆದರೆ ಒಲಿಂಪಿಕ್ಸ್‌ನಲ್ಲಿ ಜಾಗ ಇರೋದು ಹದಿನಾರೇ. ಎರಡನೇ ಗೋಲ್‌ಕೀಪರ್‌ಗೂ ಜಾಗ ಕೊಡದೆ ನಮ್ಮವರು ಟೋಕಿಯೋಗೂ ಪ್ಯಾರಿಸ್‌ಗೂ ಶ್ರೀಜೇಶ್ ಒಬ್ಬನನ್ನೇ ಹದಿನಾರರಲ್ಲಿ ಇಟ್ಟುಕೊಂಡರು.

ಟೋಕಿಯೋ ಪಟ್ಟಿಯಲ್ಲಿ ನಮ್ಮ ಕೊಡಗಿನ ಎಸ್.ವಿ. ಸುನಿಲ್ ಇರಲಿಲ್ಲ. ಎರಡು ಒಲಿಂಪಿಕ್ಸ್ ಆಡಿದ, ಗಾಳಿಯಂತೆ ಓಡುತ್ತಿದ್ದ ಹುಡುಗ. ನನಗಂತೂ ಹೊಟ್ಟೆ ಉರಿದಿತ್ತು. ಮೊದಲ ಹದಿನಾರರಲ್ಲಿ ಸಿಮ್ರನ್‌ಜೀತ್ ಸಿಂಗ್ ಹೆಸರೂ ಇರಲಿಲ್ಲ. ಆದರೆ ಕೋವಿಡ್ ಕಾಲ ಅಂತ ಆ ಸಲ ಮಾತ್ರ, ಮೀಸಲು ಆಟಗಾರರನ್ನೂ ಪಂದ್ಯದಿಂದ ಪಂದ್ಯಕ್ಕೆ ಬಳಸಿಕೊಳ್ಳೋಕೆ ಬಿಟ್ಟರು. 2021ರ ಆಗಸ್ಟ್ 5ರಂದು ಕಂಚಿನ ಪಂದ್ಯದಲ್ಲಿ ಜರ್ಮನಿ 3-1ರಿಂದ ಮುಂದಿತ್ತು. ಕೊನೆಗೆ ನಾವು 5-4ರಿಂದ ಗೆದ್ದೆವು. 41 ವರ್ಷಗಳ ಮೇಲೆ ಬಂದ ಪದಕ. ಆ ಐದರಲ್ಲಿ ಎರಡು ಗೋಲು ಯಾರದ್ದು ಗೊತ್ತಾ? ಪಟ್ಟಿಯಲ್ಲೇ ಇಲ್ಲದಿದ್ದ ಅದೇ ಸಿಮ್ರನ್‌ಜೀತ್‌ದು!

2024ರ ಪ್ಯಾರಿಸ್‌ನಲ್ಲಿ ಇದರ ಇನ್ನೊಂದು ಮುಖ ಕಂಡಿತು. ಕ್ವಾರ್ಟರ್‌ಫೈನಲ್‌ನಲ್ಲಿ ಬ್ರಿಟನ್ ವಿರುದ್ಧ 17ನೇ ನಿಮಿಷಕ್ಕೇ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡು. ಮಿಡ್‌ಫೀಲ್ಡರ್ ಮನ್‌ಪ್ರೀತ್ ಹಿಂದೆ ಸರಿದು ಡಿಫೆನ್ಸ್ ಕಾಯ್ದ. ಹತ್ತೇ ಜನ ಪಂದ್ಯ ಮುಗಿಯೋವರೆಗೂ 1-1ರಲ್ಲಿ ಹಿಡಿದಿಟ್ಟು ಶೂಟೌಟ್‌ನಲ್ಲಿ ಗೆದ್ದರು. ಆದರೆ ಅಮಾನತಾದವನ ಬದಲಿಗೆ ಮೀಸಲಿನವರನ್ನು ತರುವ ಹಾಗಿರಲಿಲ್ಲ. ಸೆಮಿಫೈನಲ್‌ಗೆ ಹದಿನೈದೇ ಜನ. ರೋಹಿದಾಸ್ ಕೆಲಸ ಎಂಥದ್ದು ನೋಡಿ: ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಚೆಂಡಿಗೆ ಎದೆಯೊಡ್ಡಿ ಮೊದಲು ನುಗ್ಗೋನು ಅವನು. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. 3-2ರಿಂದ ಸೋತೆವು. ಅವನಿದ್ದಿದ್ದರೆ ಗೆಲ್ತಿದ್ದೆವು ಅಂತ ಹೇಳೋಕಾಗಲ್ಲ. ಆದರೆ ಅವನ ಜಾಗ ಖಾಲಿ ಇದ್ದದ್ದಂತೂ ಎದ್ದು ಕಾಣ್ತಿತ್ತು.

ಹಾಗಾಗಿ ನನ್ನ ಓಟು ಎರಡು ಕೆಲಸ ಬಲ್ಲವನಿಗೆ. ದೊಡ್ಡ ಹೆಸರು, ಹಳೇ ಪದಕ ಎಲ್ಲ ಮೊದಲ ಹನ್ನೆರಡರ ಲೆಕ್ಕಕ್ಕೆ ಸಾಕು. ಕೊನೆಯ ಜಾಗ ಮನ್‌ಪ್ರೀತ್ ಥರ ಹಿಂದೆಯೂ ಮುಂದೆಯೂ ಆಡಬಲ್ಲವನಿಗೆ, ರೋಹಿದಾಸ್ ಥರ ಯಾರಿಗೂ ಬೇಡವಾದ ಕೆಲಸ ಮಾಡುವವನಿಗೆ ಸಿಗಬೇಕು. ಈ ಲೆಕ್ಕದಲ್ಲಿ ಸುನಿಲ್‌ಗೆ ಜಾಗ ಸಿಗುತ್ತಿತ್ತೋ ಇಲ್ಲವೋ, ಇವತ್ತಿಗೂ ನನ್ನಲ್ಲೇ ವಾದ ನಡೀತಿದೆ.

ನೀವಾಗಿದ್ದರೆ ಯಾರನ್ನು ಉಳಿಸಿಕೊಳ್ತಿದ್ದಿರಿ? ಕೊಡಗಿನವರು ಸ್ವಲ್ಪ ಪಕ್ಷಪಾತ ಮಾಡಿದರೂ ಅಡ್ಡಿಯಿಲ್ಲ, ಬರೀರಿ :)