ಕರುವಿನ ಮುಂದಿನ ಮಾತು: ಬಡಗರ ಅಂತ್ಯವಿಧಿಯ ಭಾಷಣ ಮತ್ತು ಅದರ ಕಟ್ಟೋಣ

ಮೈಸೂರು ಸೀಮೆಯಿಂದ ನೀಲಗಿರಿಗೆ ಹೋಗುವ ಹಳೆಯ ದಾರಿಗಳಲ್ಲೊಂದು ಗುಂಡ್ಲುಪೇಟೆಯನ್ನು ದಾಟಿ, ಗೂಡಲೂರಿನಿಂದ ಘಟ್ಟವನ್ನು ಏರುತ್ತದೆ. ಕರ್ನಾಟಕ, ಕೇರಳ, ತಮಿಳುನಾಡುಗಳ ಗಡಿಗಳು ಸಂಧಿಸುವ ಈ ಸೀಮೆಯ ಮೇಲಣ ಪ್ರಸ್ಥಭೂಮಿ ಬಡಗರ ನೆಲೆ. ‘ಬಡಗ’ ಎಂದರೆ ಬಡಗಣ ದಿಕ್ಕಿನವನು. ವಿಜಯನಗರದ ಪತನದ ಅನಂತರ ಮೈಸೂರು ಬಯಲಿನಿಂದ ಬೆಟ್ಟ ಹತ್ತಿದವರು ಇವರೆಂಬುದು ಬಹುಪಾಲು ವಿದ್ವಾಂಸರ ಮತ. ಅವರ ನುಡಿ ಕನ್ನಡದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಎಂಬ ಚರ್ಚೆ ಬಹುಕಾಲದಿಂದ ನಡೆದಿದೆ. ಧ್ವನಿ, ಪದ, ಪ್ರತ್ಯಯಗಳ ಸುತ್ತ ಸಾಗಿರುವ ಆ ಚರ್ಚೆಯಲ್ಲಿ, ಆ ನುಡಿಯವರು ಸಭೆಯ ಮುಂದೆ ಮಾತನ್ನು ಹೇಗೆ ಕಟ್ಟುತ್ತಿದ್ದರು ಎಂಬ ಪ್ರಶ್ನೆಗೆ ಸಿಕ್ಕಿರುವ ಸ್ಥಳ ಕಿರಿದು.

ಈ ಪ್ರಶ್ನೆಗೆ ಉತ್ತರ ಕೊಡಬಲ್ಲ ದಾಖಲೆ ಸಾವಿನ ಸಂದರ್ಭದ್ದು. ಹಿರಿಯನೊಬ್ಬ ಸತ್ತವನ ಪಾಪಗಳನ್ನು ಒಂದೊಂದಾಗಿ ಹೇಳುತ್ತಾನೆ, ನೆರೆದವರು ಅದು ಪಾಪವೆಂದು ದನಿಗೂಡಿಸುತ್ತಾರೆ, ಆ ಪಾಪಗಳನ್ನು ಹೊತ್ತ ಕರುವನ್ನು ಬಿಟ್ಟುಬಿಡುತ್ತಾರೆ. ‘ಕರು ಹರಚುವುದು’ ಎಂಬ ಈ ವಿಧಿಯ ಮಾತನ್ನು ಚಾರ್ಲ್ಸ್ ಗೋವರ್ 1871ರ ತನ್ನ ದಕ್ಷಿಣ ಭಾರತದ ಜನಪದ ಗೀತೆಗಳ ಸಂಗ್ರಹದಲ್ಲಿ ಇಂಗ್ಲಿಷ್ ಪದ್ಯವಾಗಿಸಿದನು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳನ್ನು ಕುರಿತ ಗ್ರಂಥದಲ್ಲಿ ಇನ್ನೊಂದು ಪಾಠ ಗದ್ಯರೂಪದಲ್ಲಿದೆ. ಜೇಮ್ಸ್ ಫ್ರೇಜರ್ ತನ್ನ ‘ದಿ ಗೋಲ್ಡನ್ ಬೋ’ದಲ್ಲಿ ಈ ವಿಧಿಯನ್ನು ಪಾಪವರ್ಗಾವಣೆಯ ನಿದರ್ಶನವಾಗಿ ಬಳಸಿಕೊಂಡನು. ವಿದ್ವತ್ ಲೋಕದ ದೃಷ್ಟಿ ಕರುವಿನ ಮೇಲೆ ನೆಟ್ಟಿತು. ಕರುವಿನ ಮುಂದೆ ಆಡಿದ ಮಾತು ಹಿನ್ನೆಲೆಗೆ ಸರಿಯಿತು.

ಥರ್ಸ್ಟನ್ ಕೊಟ್ಟ ಪಾಠವನ್ನು ಭಾಷಣವೆಂದು ಓದಿದರೆ ಅದರಲ್ಲಿ ಮೂರು ಸ್ಪಷ್ಟ ಭಾಗಗಳಿವೆ. ಮೊದಲನೆಯದು ಪೀಠಿಕೆ. ಸತ್ತವನ ಹೆಸರು, ಬಿಟ್ಟ ಕರುವಿನ ತಾಯಿಯ ಹೆಸರು ಇಲ್ಲಿ ಬರುತ್ತವೆ. ಅದರ ಬೆನ್ನಿಗೇ ಪಾಪದ ಹೊಣೆ ಪೂರ್ವಿಕರಿಂದ ತಂದೆತಾಯಿಗಳಿಗೆ, ಅವರಿಂದ ಸತ್ತವನಿಗೆ ಇಳಿದು ಬರುತ್ತದೆ. ಒಬ್ಬನ ಮೇಲೆ ಹೊರಿಸುವ ಮೊದಲೇ ಆರೋಪ ಕುಲದ ಉದ್ದಕ್ಕೂ ಹಂಚಿಹೋಗಿರುವುದರಿಂದ ಮುಂದಿನ ಮಾತು ನಿಂದೆಯಾಗಿ ಕೇಳಿಸುವುದಿಲ್ಲ.

ಎರಡನೆಯದು ಪಟ್ಟಿ. ಒಡಹುಟ್ಟಿದವರನ್ನು ಅಗಲಿಸಿದ್ದು, ಹೊಲದ ಎಲ್ಲೆಯನ್ನು ಸರಿಸಿದ್ದು, ಸಸಿ ಕಿತ್ತದ್ದು, ಮರಿಹಕ್ಕಿಯನ್ನು ಬೆಕ್ಕಿಗೆ ಕೊಟ್ಟದ್ದು, ಇನ್ನೊಬ್ಬರ ಎಮ್ಮೆಯ ಹಾಲಿಗೆ ಕಣ್ಣು ಹಾಕಿದ್ದು, ನೀರನ್ನು ಕೆಡಿಸಿದ್ದು, ಕಾಡಿನಲ್ಲಿ ದಾರಿಹೋಕರಿಗೆ ತಪ್ಪುದಾರಿ ತೋರಿಸಿದ್ದು, ಸೊಸೆಯರನ್ನು ಕಾಡಿಸಿದ್ದು, ಮೇಲಧಿಕಾರಿಗಳಿಗೆ ಚಾಡಿ ಹೇಳಿದ್ದು ಎಲ್ಲವೂ ಇಲ್ಲಿವೆ. ಕಿರಿದು ಹಿರಿದೆಂಬ ವರ್ಗೀಕರಣವಿಲ್ಲ. ಊಟಕ್ಕೆ ವಿಷವಿಕ್ಕಿದ್ದು ಹಸಿದವನಿಗೆ ಅನ್ನವಿಕ್ಕದಿರುವುದರ ಪಕ್ಕದಲ್ಲೇ ಬರುತ್ತದೆ. ಇದನ್ನು ಅವ್ಯವಸ್ಥೆ ಎನ್ನಲಾಗದು. ಘೋರ ಅಪರಾಧಗಳನ್ನಷ್ಟೇ ಹೇಳಿದ್ದರೆ ಕೇಳುಗ ತಾನು ನಿರ್ದೋಷಿಯೆಂದು ದೂರ ನಿಲ್ಲುತ್ತಿದ್ದ. ಬೆರಕೆಯ ಪಟ್ಟಿಯಲ್ಲಿ ತನ್ನದೊಂದು ತಪ್ಪು ಸಿಗದವರು ವಿರಳ. ಎಲ್ಲೆಯ ಮಾತು ಮತ್ತೆ ಮತ್ತೆ ಬರುವುದು ಬೇಸಾಯಗಾರ ಸಮಾಜವೊಂದರ ಆತಂಕವನ್ನು ತೋರಿಸುತ್ತದೆ. ಹೀಗೆ ಬಿಟ್ಟ ಕರುವನ್ನು ದುಡಿಸಿಕೊಳ್ಳುವುದೂ ಪಾಪವೇ. ವಿಧಿಯ ಕಾವಲು ವಿಧಿಯ ಮಾತಿನೊಳಗೇ ಇದೆ.

ಮೂರನೆಯದು ತಿರುವು ಮತ್ತು ಸಮಾರೋಪ. ಇಂಥ ಮುನ್ನೂರು ಪಾಪಗಳಿದ್ದರೂ ಕರುವಿನೊಡನೆ ಹೋಗಲೆಂಬ ಒಂದೇ ಮಾತಿನಿಂದ ಪಟ್ಟಿ ಮುಚ್ಚುತ್ತದೆ. ಗೋವರನ ಪಾಠದಲ್ಲಿ ಸಂಖ್ಯೆ ಸಾವಿರದ ಮುನ್ನೂರು, ಅದು ಬರುವುದು ಆರಂಭದಲ್ಲಿ. ಮೊದಲೇ ಬಂದ ಸಂಖ್ಯೆ ಭಾರವನ್ನು ಹೊರಿಸುತ್ತದೆ, ಕೊನೆಯಲ್ಲಿ ಬಂದದ್ದು ಭಾರವನ್ನು ಕಟ್ಟಿ ಕಳಿಸುತ್ತದೆ. ಆಮೇಲೆ ವಾಕ್ಯದ ಬಗೆಯೇ ಬದಲಾಗಿ, ಆರೋಪದ ಜಾಗಕ್ಕೆ ಹಾರೈಕೆ ಬರುತ್ತದೆ. ಸ್ವರ್ಗದ ಬಾಗಿಲು ತೆರೆಯುವುದು, ನರಕದ ಬಾಗಿಲು ಮುಚ್ಚುವುದು, ಕಾದ ಕಂಬ ತಣಿಯುವುದು, ನೂಲಿನ ಸೇತುವೆ ಬಿಗಿಯಾಗುವುದು ಹೀಗೆ ಚಿತ್ರಗಳು ಒಂದರ ಹಿಂದೊಂದು ಬಂದು ಶಿವನ ಸನ್ನಿಧಿಯಲ್ಲಿ ನಿಲ್ಲುತ್ತವೆ.

ಪಾಶ್ಚಾತ್ಯ ವಾಗ್ಮಿತೆಯ ಚರಿತ್ರೆಯಲ್ಲಿ ಅಂತ್ಯಭಾಷಣದ ಮಾದರಿಯೆನಿಸಿದ್ದು, ಕ್ರಿ.ಪೂ. 431ರ ಚಳಿಗಾಲದಲ್ಲಿ ಪೆರಿಕ್ಲಿಸ್ ಅಥೆನ್ಸಿನಲ್ಲಿ ಮಾಡಿದನೆಂದು ಥುಸಿಡಿಡೀಸ್ ದಾಖಲಿಸಿರುವ ಭಾಷಣ. ಅದೂ ಪೂರ್ವಿಕರಿಂದ ತಂದೆಯರಿಗೆ, ತಂದೆಯರಿಂದ ಸಮಕಾಲೀನರಿಗೆ ಇಳಿಯುತ್ತದೆ. ಮೆಟ್ಟಿಲುಗಳು ಒಂದೇ, ಅಲ್ಲಿ ಇಳಿದು ಬರುವುದು ಕೀರ್ತಿ, ಇಲ್ಲಿ ಇಳಿದು ಬರುವುದು ಪಾಪ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ಮಹತ್ವದ್ದು. ಅಥೆನ್ಸಿನ ಸಭೆ ಆ ದಾಖಲೆಯಲ್ಲಿ ಕೇಳುಗರ ಸಭೆ. ನೀಲಗಿರಿಯ ಸಭೆ ಭಾಷಣದ ಪಾಲುದಾರ. ಜನ ಸೊಲ್ಲೆತ್ತದಿದ್ದರೆ ಹಿರಿಯನ ಒಂದು ವಾಕ್ಯವೂ ಪೂರ್ಣವಾಗದು. ಪ್ರತಿ ತಪ್ಪನ್ನೂ ಪಾಪವೆಂದು ಒಪ್ಪುತ್ತಾ ಬಂದ ಬಾಯಿಗಳೇ ಬಿಡುಗಡೆಯನ್ನೂ ಒಪ್ಪುವುದರಿಂದ, ಸತ್ತವನ ಮೇಲಿನ ಹಗೆಯನ್ನು ಯಾರೂ ಮನೆಗೆ ಹೊತ್ತೊಯ್ಯುವಂತಿಲ್ಲ.

ಪರಿಣಾಮಕಾರಿ ಭಾಷಣವನ್ನು ಭಾಷಣಕಾರನ ಪ್ರತಿಭೆಯಿಂದ ಅಳೆಯುವುದು ರೂಢಿ. ಇಲ್ಲಿ ಪ್ರತಿಭೆ ಅಡಗಿರುವುದು ಕ್ರಮದಲ್ಲಿ, ಅಂದರೆ ಯಾವುದನ್ನು ಮೊದಲು ಹೇಳಬೇಕು, ಎಲ್ಲಿ ತಿರುಗಬೇಕು, ಕೇಳುಗರಿಗೆ ಎಷ್ಟನ್ನು ಬಿಡಬೇಕು ಎಂಬ ತಿಳಿವಿನಲ್ಲಿ. ಈ ತಿಳಿವನ್ನು ಕೇವಲ ಆಚರಣೆಯೆಂದು ಮಾನವಶಾಸ್ತ್ರದ ಕಪಾಟಿನಲ್ಲಿಟ್ಟರೆ, ಗಡಿಯಾಚೆಯ ಸೋದರನುಡಿಯೊಂದರ ವಾಗ್ಮಿತೆಯ ಚರಿತ್ರೆ ಬರೆಯುವ ಮೊದಲೇ ಮುಗಿದಂತೆ.