ಮನೆಗೆ ದೊಡ್ಡ ಅಕ್ವೇರಿಯಂ: ಎಷ್ಟು ಅಳತೆಯದು ಸರಿ?

ಮೈಂದರ್ಗಿ (ಅಕ್ಕಲಕೋಟ ತಾಲೂಕು): ಪಡಸಾಲೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ, ಅದರೊಳಗೆ ಬಣ್ಣದ ಮೀನುಗಳು ಇರಬೇಕೆಂಬ ಆಸೆ ಅನೇಕರಿಗೆ ಇರುತ್ತದೆ. ಮುಂಬೈಯ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಆರಂಭವಾದ ತಾರಾಪೋರವಾಲಾ ಮತ್ಸ್ಯಾಲಯವನ್ನೋ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಮತ್ಸ್ಯಾಲಯವನ್ನೋ ನೋಡಿ ಬಂದವರಲ್ಲಿ ಈ ಆಸೆ ಇನ್ನಷ್ಟು ಬಲಿಯುವುದು ಸಹಜ. ಆದರೆ ತೊಟ್ಟಿ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಗೋಡೆಯ ಉದ್ದವನ್ನಷ್ಟೇ ಅಳೆಯುತ್ತಾರೆ. ನಿಜವಾಗಿ ಅಳೆಯಬೇಕಾದವು ಮೂರು: ನೆಲ ಹೊರಬಲ್ಲ ಭಾರ, ವಾರವಾರ ಬದಲಿಸಬೇಕಾದ ನೀರು ಮತ್ತು ಮೀನು ಪೂರ್ತಿ ಬೆಳೆದಾಗಿನ ಗಾತ್ರ. ಮಳೆ ಕಡಿಮೆ ಇರುವ ಈ ಗಡಿ ಭಾಗದಲ್ಲಿ ಮೊದಲ ಲೆಕ್ಕ ನೀರಿನದೇ ಆಗಬೇಕು.

ನೀರು ಎಷ್ಟು ಹಿಡಿಯುತ್ತದೆ?

ತೊಟ್ಟಿಯ ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಅಳೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಹೆಚ್ಚುಕಡಿಮೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. ಮೀನು ಸಾಕುವವರು ವಾರಕ್ಕೊಮ್ಮೆ ಸುಮಾರು ಕಾಲು ಭಾಗ ನೀರು ತೆಗೆದು ಹೊಸ ನೀರು ತುಂಬುವುದು ರೂಢಿ. ಒಂದು ಕೊಡಕ್ಕೆ 15 ಲೀಟರ್ ಎಂದು ಹಿಡಿದರೆ ಲೆಕ್ಕ ಹೀಗಾಗುತ್ತದೆ:

* 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ: 56 ಲೀಟರ್, ವಾರಕ್ಕೆ 1 ಕೊಡ
* 3 x 1.5 x 1.5 ಅಡಿ: ಸುಮಾರು 190 ಲೀಟರ್, ವಾರಕ್ಕೆ 3 ಕೊಡ
* 4 x 1.5 x 1.5 ಅಡಿ: ಸುಮಾರು 250 ಲೀಟರ್, ವಾರಕ್ಕೆ 4 ಕೊಡ
* 4 x 2 x 2 ಅಡಿ: ಸುಮಾರು 450 ಲೀಟರ್, ವಾರಕ್ಕೆ 7ರಿಂದ 8 ಕೊಡ
* 6 x 2 x 2 ಅಡಿ: ಸುಮಾರು 675 ಲೀಟರ್, ವಾರಕ್ಕೆ 11 ಕೊಡ

ಅಂದರೆ ತಿಂಗಳಿಗೆ ಒಂದು ತೊಟ್ಟಿಯಷ್ಟು ನೀರು ಬೇಕು. ಬೇಸಿಗೆಯಲ್ಲಿ ಆವಿಯಾಗಿ ಹೋಗುವ ನೀರು ಬೇರೆ.

ಈ ಲೆಕ್ಕವನ್ನು ಹಿಂದುಮುಂದು ಮಾಡಿದರೆ ಮನೆಗೆ ತಕ್ಕ ಅಳತೆ ತಾನಾಗಿ ತಿಳಿಯುತ್ತದೆ. ಮೇ ತಿಂಗಳಲ್ಲಿ, ನೀರಿಗೆ ಅತಿ ಕಷ್ಟವಾದ ವಾರದಲ್ಲಿ, ಕುಡಿಯಲು, ಅಡುಗೆಗೆ, ದನಕರುಗಳಿಗೆ ಬಿಟ್ಟು ಎಷ್ಟು ಕೊಡ ಉಳಿಯಬಹುದು ಎಂದು ಎಣಿಸಬೇಕು. ಅದನ್ನು 60ರಿಂದ ಗುಣಿಸಬೇಕು. ಮೂರು ಕೊಡ ಉಳಿಯುವ ಮನೆಗೆ 180 ಲೀಟರ್, ಅಂದರೆ ಮೂರು ಅಡಿಯ ತೊಟ್ಟಿಯೇ ಮಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಮಳೆಗಾಲದ ನೀರು ನೋಡಿ ತೊಟ್ಟಿ ತಂದರೆ ಬೇಸಿಗೆಯಲ್ಲಿ ಮೀನಿಗೋ ಮನೆಯವರಿಗೋ ಎಂಬ ಪ್ರಶ್ನೆ ಏಳುತ್ತದೆ.

ತೆಗೆದ ನೀರು ವ್ಯರ್ಥವಲ್ಲ. ಅದರಲ್ಲಿ ಸಾರಜನಕದ ಅಂಶ ಇರುವುದರಿಂದ ತುಳಸಿ, ಕರಿಬೇವು, ನಿಂಬೆ ಗಿಡಗಳಿಗೆ ಒಳ್ಳೆಯ ಗೊಬ್ಬರವಾಗುತ್ತದೆ. ಮೀನಿನ ರೋಗಕ್ಕೆಂದು ಉಪ್ಪು ಅಥವಾ ಔಷಧಿ ಹಾಕಿದ್ದ ನೀರನ್ನು ಮಾತ್ರ ಗಿಡಕ್ಕೆ ಹಾಕಬಾರದು.

ದೊಡ್ಡದಕ್ಕೆ ಒಂದು ಅನುಕೂಲ

ಸಣ್ಣ ತೊಟ್ಟಿ ಸಾಕುವುದು ಸುಲಭ ಎಂಬ ನಂಬಿಕೆ ತಪ್ಪು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಸ್ವಲ್ಪ ನೀರಿನಲ್ಲಿ ಅದು ಬೇಗ ವಿಷವಾಗುತ್ತದೆ, ಹೆಚ್ಚು ನೀರಿನಲ್ಲಿ ತೆಳುವಾಗುತ್ತದೆ. ಸೊಲ್ಲಾಪುರ ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಸಾಮಾನ್ಯ ಬಣ್ಣದ ಮೀನುಗಳಿಗೆ ಹಿತವಾದುದು 24ರಿಂದ 28 ಡಿಗ್ರಿ. ದೊಡ್ಡ ತೊಟ್ಟಿ ನಿಧಾನವಾಗಿ ಕಾಯುತ್ತದೆ, ಕರೆಂಟ್ ಹೋದಾಗ ಮೀನಿಗೆ ಒಂದಷ್ಟು ಹೆಚ್ಚು ಹೊತ್ತು ಸಿಗುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಏಳೂವರೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪು ಒಂದಿರಲಿ, ಮೀನಿನ ಸಂಖ್ಯೆಯೂ ಮಿತವಾಗಿರಲಿ.

ಎತ್ತರಕ್ಕಿಂತ ಅಗಲ ಮುಖ್ಯ. ಗಾಳಿ ನೀರಿಗೆ ಸೇರುವುದು ಮೇಲ್ಮೈಯಿಂದ. ಜೊತೆಗೆ, ಗಾಜಿನ ಮೇಲಿನ ಒತ್ತಡ ಹೆಚ್ಚುವುದು ನೀರಿನ ಆಳದಿಂದ. ಎರಡು ಅಡಿಗಿಂತ ಎತ್ತರವಾದರೆ ದಪ್ಪ ಗಾಜು ಬೇಕು, ತಳ ತೊಳೆಯಲು ಕೈಯೂ ಎಟುಕುವುದಿಲ್ಲ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಸಾಮಾನ್ಯವಾಗಿ 8ರಿಂದ 10 ಮಿಲಿಮೀಟರ್ ಗಾಜು ಬಳಸುತ್ತಾರೆ. 2022ರ ಡಿಸೆಂಬರ್ 16ರಂದು ಜರ್ಮನಿಯ ಬರ್ಲಿನ್‌ನ ಹೋಟೆಲೊಂದರಲ್ಲಿ ಹತ್ತು ಲಕ್ಷ ಲೀಟರಿನ ಅಕ್ವೇರಿಯಂ ಒಡೆದು ನೀರು ಬೀದಿಗೆ ಹರಿದಿತ್ತು. ಮನೆಯ ತೊಟ್ಟಿ ಅಷ್ಟು ದೊಡ್ಡದಲ್ಲ, ಆದರೆ 250 ಲೀಟರ್ ಒಮ್ಮೆಲೇ ಪಡಸಾಲೆಗೆ ಬಂದರೆ ಆಗುವ ಹಾನಿಯೂ ಕಡಿಮೆಯಲ್ಲ.

ನೆಲ ಮತ್ತು ಮಾಳಿಗೆ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ನಾಲ್ಕು ಅಡಿಯ ತೊಟ್ಟಿಯಲ್ಲಿ ನೀರು 250 ಕಿಲೋ, 10 ಮಿಲಿಮೀಟರಿನ ಗಾಜು ಸುಮಾರು 50 ಕಿಲೋ. ಮರಳು, ಕಲ್ಲು, ಸ್ಟ್ಯಾಂಡ್ ಸೇರಿದರೆ 400 ಕಿಲೋ ಹತ್ತಿರಕ್ಕೆ ಹೋಗುತ್ತದೆ. ಮನೆಗಳ ಆರ್‌ಸಿಸಿ ನೆಲಕ್ಕೆ ಭಾರತೀಯ ಮಾನಕದಲ್ಲಿ ಹೇಳಿರುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕಿಲೋ. ಈ ತೊಟ್ಟಿ ನಿಲ್ಲುವ ಜಾಗವೋ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದ್ದರಿಂದ ಮೇಲಿನ ಮಹಡಿಯಲ್ಲಿ ಇಡುವ ಮುನ್ನ ಇಂಜಿನಿಯರರನ್ನು ಕೇಳುವುದು ಕ್ಷೇಮ. ಮರದ ತೊಲೆ, ಜಂತಿಗಳ ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಇಂಥ ತೊಟ್ಟಿ ಇಡಲೇಬಾರದು.

ಕೆಳಗಿನ ನೆಲದಲ್ಲೂ ಎಚ್ಚರ ಬೇಕು. ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಶಹಾಬಾದ್ ಫರಶಿ ಒಂದು ಕಡೆ ಕುಸಿದರೆ ತೊಟ್ಟಿ ಓರೆಯಾಗಿ ಅಂಟಿನ ಬೆಸುಗೆ ಬಿಡುತ್ತದೆ. ಸ್ಟ್ಯಾಂಡಿನ ಕಾಲುಗಳ ಕೆಳಗೆ ದಪ್ಪ ಹಲಗೆ, ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಳೆ ಹಾಕಿ, ರಸಮಟ್ಟದಿಂದ ನೋಡಿಕೊಳ್ಳಬೇಕು. ವರ್ಷಕ್ಕೊಮ್ಮೆ ಮತ್ತೆ ನೋಡಬೇಕು.

ಹಳೆಯ ಮನೆಗಳನ್ನು ಕನ್ನಡದಲ್ಲಿ ಅಂಕಣ, ಮರಾಠಿಯಲ್ಲಿ ಖಣ ಎಂದು ಎಣಿಸುತ್ತಾರೆ. ತೊಟ್ಟಿ ಒಂದು ಅಂಕಣದೊಳಗೆ ಓಡಾಟಕ್ಕೆ ಅಡ್ಡಿಯಾಗದಂತೆ ಕೂರಬೇಕು. ಹಿಂದೆ ಪೈಪಿಗೆ ನಾಲ್ಕು ಇಂಚು, ಮೇಲೆ ಕೈ ಹಾಕಲು ಒಂದು ಅಡಿಗಿಂತ ಹೆಚ್ಚು ಜಾಗ ಬಿಡಬೇಕು. ಕೊಳ್ಳುವ ಮುನ್ನ ಬಾಗಿಲನ್ನೂ ಅಳೆಯಬೇಕು. ನೇರ ಬಿಸಿಲು ಬೀಳುವಲ್ಲಿ ಪಾಚಿ ಕಟ್ಟುತ್ತದೆ. ಸ್ವಿಚ್ ಬೋರ್ಡಿನ ಮಗ್ಗುಲು ಬೇಡ. ಸೊಳ್ಳೆ ಔಷಧಿ, ಹೊಲಕ್ಕೆ ಹೊಡೆಯುವ ಕೀಟನಾಶಕ ಮೀನಿಗೆ ಪ್ರಾಣಾಂತಿಕ. ಔಷಧಿ ಬೆರೆಸಿದ ಬಕೆಟ್ಟಿನಿಂದ ತೊಟ್ಟಿಗೆ ನೀರು ಹಾಕಬಾರದು.

ಯಾವ ಮೀನು?

ಬೋರ್‌ವೆಲ್ ನೀರು ಬಹುತೇಕ ಗಡಸು. ಗಪ್ಪಿ, ಮೋಲಿ, ಪ್ಲೇಟಿ ಇದಕ್ಕೆ ಹೊಂದಿಕೊಳ್ಳುತ್ತವೆ. ಡಿಸ್ಕಸ್, ನಿಯಾನ್ ಟೆಟ್ರಾಗಳಿಗೆ ಮೆದು ನೀರು ಬೇಕು. ಬ್ಲೀಚಿಂಗ್ ಪುಡಿ ಹಾಕಿದ ನಲ್ಲಿ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸಬೇಕು. ಹೊಸ ತೊಟ್ಟಿಯಲ್ಲಿ ಅಮೋನಿಯಾ ಕರಗಿಸುವ ಜೀವಾಣುಗಳು ಬೆಳೆಯಲು ನಾಲ್ಕರಿಂದ ಆರು ವಾರ ಬೇಕಾಗುವುದರಿಂದ ಎಲ್ಲ ಮೀನುಗಳನ್ನು ಒಂದೇ ದಿನ ಬಿಡಬಾರದು.

ಅಂಗಡಿಯಲ್ಲಿ ಬೆರಳುದ್ದ ಕಾಣುವ ಆಸ್ಕರ್ ಒಂದು ಅಡಿ ಬೆಳೆಯುತ್ತದೆ. ಗಾಜು ನೆಕ್ಕುವ ಸಕ್ಕರ್ ಒಂದೂವರೆ ಅಡಿಯಾಗಬಹುದು, ಅರೋವಾನಾ ಮೂರು ಅಡಿಗೆ ಹತ್ತಿರವಾಗುತ್ತದೆ. ಮೂರು ಅಡಿಯ ತೊಟ್ಟಿಯವರು ಇವುಗಳ ಗೊಡವೆಗೆ ಹೋಗದಿರುವುದು ಲೇಸು.

ತೊಟ್ಟಿಗೆ ಹೆಚ್ಚಾದ ಮೀನನ್ನು ಬೋರಿ ನದಿಗೋ ಊರ ಬಾವಿಗೋ ಬಿಡುವುದು ಪರಿಹಾರವಲ್ಲ. ಹೀಗೆ ಬಿಟ್ಟ ಸಕ್ಕರ್ ಮೀನು ದೇಶದ ಹಲವು ಕೆರೆ, ನದಿಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳಿಗೆ, ಮೀನುಗಾರರ ಬಲೆಗೆ ತೊಂದರೆ ಕೊಡುತ್ತಿದೆ. ಸಾಕಲಾಗದ ಮೀನನ್ನು ಅಂಗಡಿಯವರಿಗೆ ಹಿಂದಿರುಗಿಸುವುದು ಅಥವಾ ದೊಡ್ಡ ತೊಟ್ಟಿ ಇರುವವರಿಗೆ ಕೊಡುವುದು ಸರಿಯಾದ ದಾರಿ.